ಮಾವನಿಗೆ ತೋರಿಸಲು ಸಾಕಿದ ಮೀನು

ಕಡಿಮೆ ಖರ್ಚಿನಲ್ಲಿ ದೊಡ್ಡ ಮೀನು ಸಾಕುವುದು ಹೇಗೆ ಎಂಬ ವಿಷಯದಲ್ಲಿ ನಾನು ಮೂರು ದಿನ ಮೊಬೈಲ್ ನೋಡಿ ಪಂಡಿತನಾದೆ. ಕಾರಣವೂ ಉಂಟು. ಹೆಂಡತಿ ಸುಜಾತಾಳ ತವರು ಕಾಪು. ಮಾವ ನಲವತ್ತು ವರ್ಷ ಬೋಟಿನಲ್ಲಿ ಕಡಲಿಗೆ ಹೋದವರು. ನಾನು ಕಾರ್ಕಳದ ಪಕ್ಕದ ಕುಕ್ಕುಂದೂರಿನವನು, ಇನ್ಶೂರೆನ್ಸ್ ಏಜೆಂಟ್. ಮದುವೆಯಾಗಿ ಏಳು ವರ್ಷವಾದರೂ, ಆ ಮನೆಯ ಗಂಡಸರು ಮೀನಿನ ಮಾತು ತೆಗೆದರೆ ನನ್ನ ಕೈಗೆ ಚಹಾ ಕೊಟ್ಟು ಟಿವಿ ಎದುರು ಕೂರಿಸುತ್ತಿದ್ದರು. ಒಮ್ಮೆಯಾದರೂ ಮಾವ ನನ್ನನ್ನು ಮೀನಿನ ವಿಷಯ ಬಲ್ಲವನೆಂದು ಒಪ್ಪಬೇಕು. ಇಷ್ಟೇ ನನ್ನ ಆಸೆ.

ಮಣಿಪಾಲದ ಅಂಗಡಿಯಿಂದ ಬೆರಳುದ್ದದ ಅರೋವಾನ ಮೀನಿನ ಮರಿ ತಂದೆ. ಇದು ಬೇಟೆಯಾಡಿ ತಿನ್ನುವ ಜಾತಿ, ಎರಡು ಅಡಿಗೂ ಮೀರಿ ಬೆಳೆಯುತ್ತದೆ, ಟ್ಯಾಂಕ್ ದೊಡ್ಡದೇ ಬೇಕು ಎಂದು ಅಂಗಡಿಯವರು ಎಚ್ಚರಿಸಿದರು. ಅವರು ಹೇಳಿದ ಟ್ಯಾಂಕಿನ ದರದಲ್ಲಿ ನನ್ನಂಥವನು ಸ್ಕೂಟರ್ ಕೊಳ್ಳುತ್ತಾನೆ. ಆದ್ದರಿಂದ ಹಿರಿಯಡ್ಕದಲ್ಲಿ ಮುಚ್ಚಿಹೋದ ಬೇಕರಿಯೊಂದರ ಗಾಜಿನ ಶೋಕೇಸನ್ನು ಗುಜರಿ ಬೆಲೆಗೆ ತಂದು, ಸಂದುಗಳಿಗೆಲ್ಲ ಸಿಲಿಕಾನ್ ಮೆತ್ತಿ, ಮನೆಯ ಹಾಲ್‌ನಲ್ಲಿ ಪ್ರತಿಷ್ಠಾಪಿಸಿದೆ. ಅರ್ಧ ನೀರು ತುಂಬುವಷ್ಟರಲ್ಲಿ ಗಾಜು ಹೊಟ್ಟೆ ಉಬ್ಬಿಸಿತು. ಅರ್ಧಕ್ಕೇ ನಿಲ್ಲಿಸಿದೆ. ‘ತಾಜಾ ಪಫ್ಸ್ ಸಿಗುತ್ತದೆ’ ಎಂಬ ಸ್ಟಿಕ್ಕರ್ ಮಾತ್ರ ಏನು ಮಾಡಿದರೂ ಹೋಗಲಿಲ್ಲ. ಅದರ ಕೆಳಗೆ ಅರೋವಾನ ಗಂಭೀರವಾಗಿ ಓಡಾಡತೊಡಗಿತು.

ಊಟದ ಖರ್ಚು? ಅದಕ್ಕೂ ಯೋಜನೆ ಇತ್ತು. ಸುಜಾತಾಳ ತವರಿನಿಂದ ವಾರವಾರ ಬರುವ ಸಿಗಡಿಯಲ್ಲಿ ಅದಕ್ಕೊಂದು ಪಾಲು. ಬೇಸಿಗೆ ಮುಗಿಯುವುದರೊಳಗೆ ಅದು ಜಮೀನ್ದಾರನಂತೆ ತಿಂದು ಮೊಳದುದ್ದವಾಯಿತು.

ಜೂನ್ ಬಂತು. ಮಳೆಗಾಲದ ಮೀನುಗಾರಿಕೆ ನಿಷೇಧ. ಬೋಟುಗಳೆಲ್ಲ ದಡ ಸೇರಿದವು. ಸಿಗಡಿ ನಿಂತಿತು. ಕರಾವಳಿಯ ಪ್ರತಿ ಮಗುವಿಗೂ ಗೊತ್ತಿರುವ ಈ ಸಂಗತಿ ನನ್ನ ಯೋಜನೆಯಲ್ಲಿ ಇರಲೇ ಇಲ್ಲ! ಒಣಮೀನು ಕೊಟ್ಟೆ. ತಿರುಗಿಯೂ ನೋಡಲಿಲ್ಲ. ಅಂಗಡಿಯಲ್ಲಿ ಸಿಗುವ ಮೀನಾಹಾರದ ಗುಳಿಗೆ ಹಾಕಿದೆ. ಉಗುಳಿತು. ಅದೇ ಹೊತ್ತಿಗೆ ಮಾವನ ಫೋನ್. ಬೋಟು ಇಲ್ಲದ ದಿನಗಳಲ್ಲೇ ಅವರು ಮಕ್ಕಳ ಮನೆಗೆ ಹೋಗುವುದು. ಭಾನುವಾರ ಬರುತ್ತೇನೆ, ನಿಮ್ಮ ಮೀನು ನೋಡಬೇಕು ಎಂದರು.

ಹಸಿದ ಮೀನನ್ನು ಮೀನುಗಾರನಿಗೆ ತೋರಿಸುವುದುಂಟೇ? ಮಿಡತೆಯನ್ನೂ ತಿನ್ನುತ್ತದೆ ಎಂದು ಮೊಬೈಲ್ ಹೇಳಿತು. ಸೊಳ್ಳೆಪರದೆ ಹಿಡಿದು ಗದ್ದೆಗಿಳಿದೆ. ಮೊದಲ ದಿನ ಸಿಕ್ಕಿದ್ದು ಎರಡು ಮಿಡತೆ, ಬಿದ್ದದ್ದು ಮೂರು ಸಲ. ಪಕ್ಕದ ಮನೆಯ ಲೀನಾಬಾಯಿ ಕೊಡೆ ಹಿಡಿದು ನಿಂತು ನೋಡಿ, ತಮ್ಮ ಗದ್ದೆಗೂ ಒಮ್ಮೆ ಬಂದು ಹೋಗಬೇಕೆಂದು ವಿನಂತಿಸಿಕೊಂಡರು.

"ನಿಮಗೆ ಎಂತ ಮರ್ಲಾ?" ಎಂದು ನನ್ನ ಹುಚ್ಚಿಗೆ ಹಣೆ ಚಚ್ಚಿಕೊಂಡಳು ಸುಜಾತಾ. "ಪಾಲಿಸಿ ಮಾಡಿದವರೆಲ್ಲ ರಸ್ತೆಯಲ್ಲಿ ಹೋಗ್ತಾ ನೋಡ್ತಾರೆ."

ಭಾನುವಾರ ಮಾವ ಹೇಳಿದ್ದಕ್ಕಿಂತ ಒಂದು ಗಂಟೆ ಮುಂಚೆ ಬಂದರು. ನಾನಿನ್ನೂ ಗದ್ದೆಯಲ್ಲಿ, ಮೊಣಕಾಲವರೆಗೆ ಕೆಸರು, ಪರದೆಯೊಳಗೆ ಮಿಡತೆಯ ಬದಲು ನಾನೇ. ಅವರು ಬದುವಿನ ಮೇಲೆ ನಿಂತು ನನ್ನ ಬೇಟೆ ನೋಡಿದರು. ಆಮೇಲೆ ಒಳಗೆ ಬಂದು ನಾನು ಹೇಗೋ ಹಿಡಿದು ತಂದ ಮಿಡತೆಯನ್ನು ಮೀನು ಗುಳುಂ ಮಾಡುವುದನ್ನೂ ನೋಡಿದರು. ಅವರು ಏನಾದರೂ ಹೇಳಲಿ ಎಂದು ನಾನು ಕಾದೆ. ಚಹಾ ಮುಗಿಯಿತು. ಮೀನಿನ ಮಾತೇ ಇಲ್ಲ. ನನಗೆ ನಿಜವಾಗಿ ಬೇಸರವಾಯಿತು.

ಮುಂದಿನ ವಾರ ಅವರು ಮತ್ತೆ ಬಂದರು. ಕೈಯಲ್ಲಿ ಉದ್ದದ ಕೋಲು, ಅದರ ತುದಿಗೆ ಅವರೇ ಹೆಣೆದ ಹೊಸ ಬಲೆ.

"ಪರದೆ ಗಾಳಿಗೆ ಹಾರ್ತದೆ ಮಾರಾಯ್ರೆ," ಎಂದರು. "ಮಿಡತೆಗಾದರೆ ಬಲೆಯ ಕಣ್ಣು ಸಣ್ಣದು ಬೇಕು. ಇದು ಸರಿ ಉಂಟು, ನೋಡಿ."

ಮಾವ ತಮ್ಮ ಕೈಯಾರೆ ಬಲೆ ಹೆಣೆದು ಕೊಟ್ಟದ್ದು ಅಷ್ಟರವರೆಗೆ ಇಬ್ಬರು ಗಂಡುಮಕ್ಕಳಿಗೆ ಮಾತ್ರ. ಈಗ ಮೂರನೆಯವನು ನಾನು. ಅವರಿಬ್ಬರು ಕಡಲಿಗೆ ಹೋಗುತ್ತಾರೆ. ನಾನು ಮಿಡತೆಗೆ ಹೋಗುತ್ತೇನೆ.