ಕೆಂದನ ಮೂರು ವಾರದ ರಜೆ

ನಮ್ಮೂರಿನಲ್ಲಿ ನಡೆದ ಪ್ರಾಣಿದಯಾ ಶಿಬಿರ ಭರ್ಜರಿ ಯಶಸ್ಸು ಕಂಡಿತು ಎಂದು ಕೆಲಮಂಗಲದ ಟೀ ಅಂಗಡಿಗಳಲ್ಲಿ ಈಗಲೂ ಹೇಳುತ್ತಾರೆ. ಜೀಪು ಬಂದಿತ್ತು, ಮೈಕು ಕೂಗಿತ್ತು, ಬಂದವರಿಗೆಲ್ಲ ಬನ್ನು, ಟೀ ಸಿಕ್ಕಿತ್ತು. ಯಶಸ್ಸಿಗೆ ಇನ್ನೇನು ಬೇಕು? ಆದರೆ ನಾಲ್ಕು ಜನ ಹೇಳಿದರೆಂಬ ಕಾರಣಕ್ಕೆ ಒಂದು ಮಾತನ್ನು ಒಪ್ಪಿಕೊಳ್ಳುವುದು ನನ್ನ ಜಾಯಮಾನವಲ್ಲ. ಕೃಷ್ಣಗಿರಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪು ಗೆದ್ದವನು ನಾನು. ಕುಟುಂಬ ಯೋಜನೆಯ ಪರವಾಗಿ ಬೆಳಿಗ್ಗೆಯೂ ವಿರೋಧವಾಗಿ ಮಧ್ಯಾಹ್ನವೂ ಮಾತಾಡಿ, ಎರಡು ಹೊತ್ತೂ ಚಪ್ಪಾಳೆ ಗಿಟ್ಟಿಸಿದ್ದೆ. ಇಂಥವನನ್ನು ಮನೆಯಲ್ಲಿಟ್ಟುಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ನಮ್ಮಪ್ಪನೇ ಹೇಳಬೇಕು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಪಟ್ಟಣದಿಂದ ಬಂದ ಪಶುವೈದ್ಯರ ತಂಡ ಮೊದಲು ಮನೆಮನೆಗೂ ಹೋಗಿ ಸಂಶೋಧನೆ ನಡೆಸಿತು. ಸಂಶೋಧನೆಯೆಂದರೆ ಅಚ್ಚು ಹಾಕಿಸಿದ ಒಂದು ಹಾಳೆ. ‘ನಿಮ್ಮ ಎತ್ತು ನೆಮ್ಮದಿಯಾಗಿದೆಯೇ? ದಿನಕ್ಕೆ ಎಷ್ಟು ಹೊತ್ತು ವಿಶ್ರಾಂತಿ ಪಡೆಯುತ್ತದೆ?’ ಗಡಿಯಾಚೆಯ ನಮ್ಮೂರಿಗೆ ಸರ್ಕಾರಿ ಭಾಷೆಯಾದ ತಮಿಳಿನಲ್ಲಿದ್ದ ಪ್ರಶ್ನೆಗಳನ್ನು ನಾನು ಕನ್ನಡ ಮಾಡಿ ಓದಿದಾಗ, ರಾಗಿ ಬೀಸುತ್ತಿದ್ದ ಅವ್ವ ಕಲ್ಲು ನಿಲ್ಲಿಸಿದಳು. “ನಾನು ಈ ಮನೆಗೆ ಬಂದು ಇಪ್ಪತ್ತೈದು ವರ್ಸ ಆಯ್ತು. ಇಂಗಂತ ನನ್ನ ಒಬ್ರೂ ಕೇಳ್ಲಿಲ್ವಲ್ಲಪ್ಪಾ!”

ಕನ್ನಡ ಬಾರದ ಡಾಕ್ಟರು, ಅಮ್ಮ ಏನನ್ನುತ್ತಿದ್ದಾರೆ ತಂಬಿ ಎಂದು ನನ್ನನ್ನು ತಮಿಳಿನಲ್ಲಿ ಕೇಳಿದರು. ಎತ್ತು ನೆಮ್ಮದಿಯಾಗಿದೆಯಂತೆ ಎಂದೆ. ಬರೆದುಕೊಂಡರು.

ಮಾರನೆಯ ದಿನ ಶಿಬಿರದಲ್ಲೂ ತರ್ಜುಮೆಯ ಕೆಲಸ ನನಗೇ ಬಂತು. ಹೆಗಲಲ್ಲಿ ಹುಣ್ಣಿರುವ ಎತ್ತಿಗೆ ನೊಗ ಹೂಡಬಾರದು, ಮೂರು ವಾರ ಬಿಡುವು ಕೊಡಿ ಎಂದು ಡಾಕ್ಟರು ಒಂದೇ ಮಾತಿನಲ್ಲಿ ಹೇಳಿದರು. ಕೈಗೆ ಮೈಕು ಬಂದ ಮೇಲೆ ಒಂದೇ ಮಾತಿಗೆ ನಿಲ್ಲಿಸುವ ಅಭ್ಯಾಸ ನನಗಿರಲಿಲ್ಲ. ಮೂಕಪ್ರಾಣಿಯ ಕಣ್ಣೀರು, ಮನುಷ್ಯನ ಕ್ರೌರ್ಯ ಎಲ್ಲವನ್ನೂ ಸೇರಿಸಿ ಹಿಗ್ಗಿಸಿದೆ. ಸಾಲದೆಂದು, “ಉದಾಹರಣೆಗೆ ನಮ್ಮ ಎತ್ತು ಕೆಂದನ ಹೆಗಲು ನೋಡಿ! ಏನಪ್ಪಾ, ನಾಳೆಯಿಂದ ಅವನಿಗೆ ರಜೆ ಕೊಡ್ತೀಯೋ ಇಲ್ವೋ?” ಎಂದು ಮುಂದೆ ಕೂತಿದ್ದ ಅಪ್ಪನನ್ನೇ ಕೇಳಿದೆ. ಇಡೀ ಊರು ಅತ್ತ ತಿರುಗಿತು. ಅಪ್ಪ ಹೆಗಲಿನ ಟವಲು ಸರಿಮಾಡಿಕೊಂಡು ಎದ್ದು, “ಕೊಡ್ತೀನಿ” ಎಂದ. ಚಪ್ಪಾಳೆಯೋ ಚಪ್ಪಾಳೆ. ಅವನು ಕೂತ ಮೇಲೆ ನನ್ನತ್ತ ನೋಡಿದ ನೋಟವನ್ನು ನಾನು ಮೆಚ್ಚುಗೆಯೆಂದೇ ತಿಳಿದೆ.

ನಾಲ್ಕನೆಯ ದಿನ ಮಳೆ ಬಂತು. ರಾಗಿ ಬಿತ್ತನೆಗೆ ಹೊಲ ಉಳಬೇಕು. ಕೆಂದ ಕೊಟ್ಟಿಗೆಯಲ್ಲಿ ಸರ್ಕಾರಿ ನೌಕರನ ಹಾಗೆ ಮೆಲುಕು ಹಾಕುತ್ತ ಕೂತಿದ್ದ. ಅವನ ಜೋಡಿ ರಾಮ ಒಂಟಿಯಾಗಿ ನಿಂತಿದ್ದ. ನಮ್ಮ ಕಡೆ ಇಂಥ ಹೊತ್ತಿನಲ್ಲಿ ಎತ್ತನ್ನು ಮುಯ್ಯಿಗೆ ತರುತ್ತಾರೆ. ಇವತ್ತು ನಿಮ್ಮ ಎತ್ತು ನಮ್ಮ ಹೊಲಕ್ಕೆ, ಮುಂದೆ ನಮ್ಮದು ನಿಮ್ಮ ಹೊಲಕ್ಕೆ. ಕೇಳಿದವರಿಗೆ ಇಲ್ಲವೆನ್ನುವುದು ಮರ್ಯಾದೆಯಲ್ಲ. ಅಪ್ಪ ಪಕ್ಕದ ಮನೆಯ ಮುನಿಯಪ್ಪನ ಬಿಳಿಯನನ್ನು ಹಿಡಿದು ತಂದ. ಅದರ ಹೆಗಲಿಗೆ ದಪ್ಪಗೆ ಅರಿಶಿನ ಮೆತ್ತಿತ್ತು. ಎಂಥ ಅಕ್ಕರೆ, ಇದೂ ನನ್ನ ಭಾಷಣದ ಪ್ರಭಾವವೇ ಎಂದುಕೊಂಡೆ.

ಅವತ್ತೇ ಮಧ್ಯಾಹ್ನ ಡಾಕ್ಟರ ಜೀಪು ಮತ್ತೆ ಬಂತು. ವರದಿಗೆಂದು, ರಜೆಯ ಮೇಲಿದ್ದ ಕೆಂದನನ್ನು ಅಂಗಳಕ್ಕೆ ಎಳೆತಂದು ಫೋಟೋ ತೆಗೆದರು. ಪಕ್ಕದಲ್ಲಿ ಕ್ರಾಪು ತೀಡಿಕೊಂಡು ನಾನು. ನಮ್ಮಿಬ್ಬರ ಹಿಂದೆ, ದೂರದ ಹೊಲದಲ್ಲಿ, ಬಿಳಿಯ ಉಳುತ್ತಿದ್ದ.

ಮರುದಿನ ಬೆಳಿಗ್ಗೆ ಅಪ್ಪ ನೊಗ ಎತ್ತುವ ಹೊತ್ತಿಗೆ ಬಿಳಿಯನ ಹೆಗಲಿನ ಮೇಲೆ ನೊಣ ಮುತ್ತಿದ್ದವು. ಹೋಗಿ ನೋಡಿದೆ. ಅರಿಶಿನ ಬಿರಿದು ಕೆಳಗಿನ ಹುಣ್ಣು ಬಾಯಿ ತೆರೆದಿತ್ತು. ಕೆಂದನದಕ್ಕಿಂತ ಎರಡರಷ್ಟು. ನಾನು ಬೆರಳು ಹತ್ತಿರ ತಂದರೆ ಸಾಕು, ಅದರ ಚರ್ಮ ಅಲುಗುತ್ತಿತ್ತು.

“ಮುನಿಯಪ್ಪಣ್ಣ, ಮೊದ್ಲೇ ಹೇಳೋದಲ್ವಾ?” ಎಂದು ಬೇಲಿಯಾಚೆ ನಿಂತವನ ಮೇಲೆ ರೇಗಿದೆ.

“ಏನಂತ ಹೇಳ್ಲಿ? ಊರ್ಮುಂದೆ ನಿಮ್ಮಪ್ಪನ ಕೈಲಿ ನೀನೇ ಮಾತು ಕೊಡಿಸ್ಬುಟ್ಟೆ. ನಾನು ಎತ್ತು ಕೊಡಲ್ಲ ಅಂದಿದ್ರೆ, ಆವಯ್ಯ ಮಾತು ತಪ್ಪೋಕೆ ನಾನೇ ಕಾರಣ ಆಗ್ತಿರ್ಲಿಲ್ವೇನ್ಲಾ?”

ಅಂದರೆ, ನಾನು ಅಷ್ಟೆಲ್ಲ ಗಂಟಲು ಹರಿದುಕೊಂಡು ಸಾಧಿಸಿದ್ದು, ಒಂದು ಹುಣ್ಣಿನ ಮೇಲಿದ್ದ ನೊಗವನ್ನು ಇನ್ನೂ ದೊಡ್ಡ ಹುಣ್ಣಿನ ಮೇಲೆ ಇಡಿಸಿದ್ದು. ಅಷ್ಟು ಹೊತ್ತಿಗೆ ವರದಿ ಪಟ್ಟಣ ಸೇರಿಯಾಗಿತ್ತು.

“ಇವನನ್ನ ಬಿಚ್ಬಿಡಪ್ಪಾ,” ಎಂದೆ.

ಅಪ್ಪ ಬಿಳಿಯನ ಹಗ್ಗ ಬಿಚ್ಚಿ ಮುನಿಯಪ್ಪನ ಕೈಗೆ ಕೊಟ್ಟ. ರಾಮನ ಹೆಗಲ ಮೇಲೆ ನೊಗದ ಒಂದು ತುದಿ. ಇನ್ನೊಂದು ತುದಿ ಅಪ್ಪನ ಕೈಯಲ್ಲಿ.

“ಬಿಚ್ಚಿದೆ ಕಣ್ಲಾ. ಕೆಂದನ್ನೂ ಕಟ್ಟಂಗಿಲ್ಲ. ನೆಲದಲ್ಲಿ ಹದ ಇರೋದು ಇವತ್ತೊಂದಿನ. ತಪ್ಪಿದ್ರೆ ವರ್ಸದ ಮುದ್ದೆ ತಪ್ತದೆ. ಈ ಕಡೀಕೆ ಯಾರ್ನ ಕಟ್ಲಿ, ನೀನೇ ಹೇಳು?”