ಹದಿನಾಲ್ಕು ದಿನ ಔದಾರ್ಯ ತೋರದಿರಿ

ಹೂಡಿಕೆ ಸ್ವಾಗತ ಇಲಾಖೆಯ ನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ತಿಂಗಳ ಮೂವತ್ತನೆಯ ತಾರೀಕು, ಮಂಗಳವಾರ

ಮಾನ್ಯರೇ,

ಬಂದವರನ್ನು ಎದುರುಗೊಳ್ಳುವುದರಲ್ಲೂ ಹೋಗುವವರನ್ನು ಕಳಿಸಿಕೊಡುವುದರಲ್ಲೂ ಒಂದೇ ಬಗೆಯ ಸಂಭ್ರಮ ತೋರುವ ತಮಗೆ, ಎಲ್ಲಿಗೂ ಹೋಗದೆ ಇಲ್ಲೇ ಉಳಿದವರ ನಮಸ್ಕಾರಗಳು. ಇಲ್ಲೇ ಇರುವವರಿಂದ ತಮಗೆ ಪತ್ರ ಬರುವುದು ಅಪರೂಪವಿರಬೇಕು. ತಮ್ಮ ಮೇಜಿನ ಮೇಲೆ ಇದಕ್ಕಿಂತ ದಪ್ಪ ಕಾಗದದಲ್ಲಿ, ಎಲ್ಲಾದರೂ ಹೊರಟುಹೋಗುತ್ತೇವೆಂದು ಹೆದರಿಸುವ ಪತ್ರಗಳೇನಾದರೂ ಇದ್ದರೆ ಮೊದಲು ಅವನ್ನು ಓದಿ, ಆಮೇಲೆ ಇದಕ್ಕೆ ಬರಬಹುದು. ನಮಗೆ ಕಾದು ಅಭ್ಯಾಸವಿದೆ.

ನಾನು ಅಂಗಿಯ ಗುಂಡಿ ತಯಾರಿಸುವ ಕಾರ್ಖಾನೆಯ ಪರೀಕ್ಷಕಿಯ ಮಗಳು. ನದಿಯ ಈಚೆ ನಮ್ಮ ರಾಜ್ಯ, ಆಚೆ ಅವರ ರಾಜ್ಯ, ನಡುವೆ ನಡೆದರೆ ಹತ್ತು ನಿಮಿಷ ಹಿಡಿಯುವ ಸೇತುವೆ. ಇಷ್ಟು ಪುಟ್ಟ ಭೂಗೋಳದಲ್ಲಿ ತಾವು ಇಪ್ಪತ್ತನಾಲ್ಕು ವರ್ಷಗಳಿಂದ ನಡೆಸಿಕೊಂಡು ಬಂದಿರುವ ಸಾಹಸವನ್ನು ನಾನು ಬೆರಗಿನಿಂದ ನೋಡುತ್ತ ಬೆಳೆದಿದ್ದೇನೆ. ಮೊದಲು ತಮ್ಮ ಇಲಾಖೆ ಐದು ವರ್ಷ ತೆರಿಗೆಯಿಲ್ಲವೆಂದು ಹೇಳಿ ಕಾರ್ಖಾನೆಯನ್ನು ಇಲ್ಲಿಗೆ ಕರೆತಂದಿತು. ಐದು ತುಂಬಲು ಒಂದು ತಿಂಗಳಿದೆ ಎನ್ನುವಾಗ ಆಚೆ ದಡದವರು, ನಮ್ಮಲ್ಲೂ ಐದು ವರ್ಷ ತೆರಿಗೆಯಿಲ್ಲ, ಮೇಲೆ ಜಮೀನು ಪುಕ್ಕಟೆ ಎಂದರು. ಕಾರ್ಖಾನೆ ಲಾರಿ ಹತ್ತಿತು. ಅಲ್ಲಿ ಐದು ತುಂಬಲು ಒಂದು ತಿಂಗಳಿದ್ದಾಗ ತಾವು, ಜಮೀನಿನ ಜೊತೆಗೆ ನೀರೂ ಪುಕ್ಕಟೆ, ಕರೆಂಟಿಗೆ ಅರ್ಧ ದರ ಎಂದಿರಿ. ಕಾರ್ಖಾನೆ ಮತ್ತೆ ಲಾರಿ ಹತ್ತಿತು. ಅವರು ಗೇಟಿನವರೆಗೆ ಡಾಂಬರು ಹಾಕಿಸಿದರೆ ತಾವು ಗೇಟನ್ನೇ ಹಾಕಿಸಿಕೊಟ್ಟಿರಿ. ಮುನಿಸಿಕೊಂಡ ಅಳಿಯನೊಬ್ಬನಿಗಾಗಿ ಎರಡು ಮನೆಯವರು ಪೈಪೋಟಿಗೆ ಬಿದ್ದು ಬಡಿಸತೊಡಗಿದರೆ ಅಳಿಯನಿಗೆ ಹಸಿವೆಂದರೇನೆಂದೇ ಮರೆತುಹೋಗುತ್ತದೆ. ಎರಡೂ ಮನೆಯ ಮಕ್ಕಳಿಗೆ ಮಾತ್ರ ಚೆನ್ನಾಗಿ ನೆನಪಿರುತ್ತದೆ.

ಹೊಸ ಕಂಪನಿಗೆ ಮಾತ್ರ ತೆರಿಗೆ ವಿನಾಯಿತಿ ಎಂಬುದು ಎರಡೂ ರಾಜ್ಯಗಳ ಕಟ್ಟುನಿಟ್ಟಾದ ನಿಯಮವಾದ್ದರಿಂದ, ಸೇತುವೆ ದಾಟುವಾಗಲೆಲ್ಲ ಕಾರ್ಖಾನೆ ಹೆಸರು ಬದಲಿಸಿಕೊಂಡು ಹೊಚ್ಚ ಹೊಸದಾಗುತ್ತದೆ. ಮೊದಮೊದಲು ಬೋರ್ಡು ಬರೆಯುವವನಿಗೆ ಇದರಿಂದ ಒಳ್ಳೆಯ ಕೆಲಸವಿತ್ತು. ಆಮೇಲೆ ಕಂಪನಿಯವರು ಜಾಣರಾಗಿ ತಗಡಿನ ಎರಡೂ ಮಗ್ಗುಲಲ್ಲಿ ಒಂದೊಂದು ಹೆಸರು ಬರೆಸಿಟ್ಟುಕೊಂಡರು. ಈಗ ಈ ದಡದಲ್ಲಿ ಒಂದು ಮುಖ, ಆ ದಡದಲ್ಲಿ ಇನ್ನೊಂದು ಮುಖ, ತಿರುಗಿಸಿ ನಾಲ್ಕು ಮೊಳೆ ಹೊಡೆದರೆ ಹೊಸ ಕಂಪನಿ ಉದ್ಘಾಟನೆಗೆ ಸಿದ್ಧ. ಗೇಟಿನ ಎದುರು ಚಹಾ ಮಾರುವ, ನಾವೆಲ್ಲ ಮಾಮ ಎಂದು ಕರೆಯುವವರು ಇದನ್ನು ಕಂಡು ಸ್ಫೂರ್ತಿಗೊಂಡು, ಅಂಗಡಿಯ ತೆರಿಗೆ ಏರಿಸಿದ ವರ್ಷ ಪುರಸಭೆಯ ಕಚೇರಿಗೆ ಹೋಗಿ, ಕಡಿಮೆ ಮಾಡದಿದ್ದರೆ ಆಚೆ ದಡಕ್ಕೆ ಹೋಗಿಬಿಡುತ್ತೇನೆ ಎಂದು ಗದರಿಸಿದರಂತೆ. ಕಿಟಕಿಯ ಆಚೆಗಿದ್ದ ಗುಮಾಸ್ತರು ತಲೆಯೆತ್ತದೆ, "ಹೋಗಿ, ಹೋಗೋವಾಗ ಬಾಕಿ ಕಟ್ಟಿ ಹೋಗಿ" ಅಂದರಂತೆ. ಹೆದರಿಸುವುದಕ್ಕೂ ಒಂದು ಅಂತಸ್ತು ಬೇಕು ಎಂಬುದನ್ನು ಮಾಮ ಅಂದು ಕಲಿತರು.

ಕಂಪನಿ ಹೊಸದಾದ ಮೇಲೆ ಕೆಲಸಗಾರರು ಹಳಬರಾಗಿದ್ದರೆ ಚೆನ್ನಾಗಿರುವುದಿಲ್ಲ. ಆದ್ದರಿಂದ ನನ್ನ ಅಮ್ಮ ಒಂದೇ ಕಾರ್ಖಾನೆಗೆ ಐದು ಬಾರಿ ಹೊಸದಾಗಿ ಸೇರಿದ್ದಾಳೆ, ಐದು ಬಾರಿ ತರಬೇತಿ ಪಡೆದಿದ್ದಾಳೆ. ಹಿಡಿ ಗುಂಡಿಯನ್ನು ಗಾಜಿನ ಮೇಲೆ ಸುರಿದರೆ ಸದ್ದಿನಲ್ಲೇ ಅದರೊಳಗೆ ಬಿರುಕು ಬಿಟ್ಟದ್ದು ಇದೆಯೋ ಇಲ್ಲವೋ ಎಂದು ಹೇಳಬಲ್ಲವಳು ಅವಳು. ಬಸ್ಸಿನಲ್ಲಿ ಎದುರು ಕೂತವರ ಅಂಗಿಯ ಮೂರನೆಯ ಗುಂಡಿ ಬೇರೆ ಜೊತೆಯದು ಎಂದು ನನ್ನ ಕಿವಿಯಲ್ಲಿ ಹೇಳಿ, ನಾನು ನಾಚಿ ಕಿಟಕಿಯ ಕಡೆ ತಿರುಗುವಂತೆ ಮಾಡುವವಳು. ಐದನೆಯ ಸಲ ಅವಳಿಗೆ ತರಬೇತಿ ಕೊಡಲು ಬಂದ ಮೇಲ್ವಿಚಾರಕನಿಗೆ ಕೆಲಸ ಕಲಿಸಿದವನಿಗೆ ಕೆಲಸ ಕಲಿಸಿದ್ದು ಅಮ್ಮನೇ. ಅವನು ಮೊದಲ ದಿನ ಒಂದು ಗುಂಡಿಯನ್ನು ಎತ್ತಿ ಹಿಡಿದು, "ನೋಡಿ ಆಂಟಿ, ಇದರಲ್ಲಿ ಎಷ್ಟು ತೂತಿದೆ ಹೇಳಿ" ಅಂದನಂತೆ. "ನಾಲ್ಕಪ್ಪಾ" ಅಂದಳಂತೆ ಅಮ್ಮ. "ಪರವಾಗಿಲ್ಲ, ಬೇಗ ಕಲಿತೀರಿ" ಅಂದನಂತೆ. ಅಮ್ಮ ಇದನ್ನು ಮನೆಯಲ್ಲಿ ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೂ ಸ್ವಲ್ಪ ಹೊತ್ತು ಕಣ್ಣು ಒರೆಸಿಕೊಳ್ಳುತ್ತಿದ್ದಳು.

ತಮ್ಮ ವರದಿಗಳಲ್ಲಿ ಸೃಷ್ಟಿಯಾದ ಹೊಸ ಉದ್ಯೋಗಗಳ ಪಟ್ಟಿಯಿದೆಯಲ್ಲ, ಅದರಲ್ಲಿ ಅಮ್ಮ ಮೂರು ಉದ್ಯೋಗ. ಆಚೆ ದಡದವರ ವರದಿಯಲ್ಲಿ ಎರಡು. ಒಬ್ಬಳೇ ಹೆಂಗಸಿನಿಂದ ಎರಡು ರಾಜ್ಯಗಳು ಐದು ಮನೆಗಳಿಗೆ ಅನ್ನ ಒದಗಿಸಿದ ಈ ಪವಾಡಕ್ಕೆ ಕೃತಜ್ಞತೆ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಉಳಿದ ನಾಲ್ಕು ಮನೆ ಯಾವುವೆಂದು ತಿಳಿಸಿದರೆ ಒಮ್ಮೆ ಹೋಗಿ ಮಾತಾಡಿಸಿಕೊಂಡು ಬರುತ್ತೇವೆ.

ಇನ್ನು ವಿಷಯಕ್ಕೆ ಬರುತ್ತೇನೆ. ಒಂದೇ ಕಂಪನಿಯಲ್ಲಿ ಎಡೆಬಿಡದೆ ಐದು ವರ್ಷ ದುಡಿದವರನ್ನು ಖಾಯಂ ಮಾಡಬೇಕು, ಖಾಯಂ ಆದವರಿಗೆ ನಿವೃತ್ತಿಯ ನಂತರ ಪಿಂಚಣಿ ಕೊಡಬೇಕು ಎಂದು ಕಾನೂನಿದೆ. ಅಮ್ಮ ಆ ಐದಕ್ಕೆ ನಾಲ್ಕು ಸಲ ಒಂದು ತಿಂಗಳ ದೂರದವರೆಗೆ ಹೋಗಿ ಬಂದಿದ್ದಾಳೆ. ಈಗ ಅವಳಿಗೆ ಐವತ್ತೇಳು, ಮುಂದಿನ ವರ್ಷ ನಿವೃತ್ತಿ. ಈ ಸಲ ತಪ್ಪಿದರೆ ಇನ್ನೊಂದು ಐದು ವರ್ಷವನ್ನು ಅವಳು ಎಲ್ಲಿಂದ ತರಬೇಕು? ಬರುವ ಹದಿನಾಲ್ಕನೆಯ ತಾರೀಕು ಮಂಗಳವಾರ ಸಂಜೆ ಐದಕ್ಕೆ ಅವಳ ಈ ಸಲದ ಐದು ವರ್ಷ ತುಂಬುತ್ತದೆ. ಆದರೆ ಕಾರ್ಖಾನೆ ಆಗಲೇ ಹೋಗಿಯಾಯಿತು. ಆಚೆ ದಡದವರು ಏಳು ವರ್ಷ ಎಂದರಂತೆ. ಕಳೆದ ವಾರ ಹದಿನೆಂಟು ಲಾರಿಗಳು ಸೇತುವೆ ದಾಟಿದವು.

ಹಾಗಿದ್ದೂ ಅಮ್ಮ ಇಂದು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಈ ದಡದ ಖಾಲಿ ಶೆಡ್ಡಿಗೇ ಕೆಲಸಕ್ಕೆ ಹೋದಳು. ಇದಕ್ಕೆ ಕಾರಣ ಕಂಪನಿಯೊಡನೆ ತಾವು ಈ ಸಲ ಮಾಡಿಕೊಂಡ ಒಪ್ಪಂದದ ಹದಿನಾರನೆಯ ಷರತ್ತು. ಕಂಪನಿ ಐದು ವರ್ಷ ತುಂಬುವ ಮೊದಲೇ ಬಿಟ್ಟುಹೋದರೆ ಅದುವರೆಗಿನ ತೆರಿಗೆಯನ್ನೆಲ್ಲ ಕಟ್ಟಬೇಕು. ಕನಿಷ್ಠ ಒಂದು ಯಂತ್ರ, ಒಬ್ಬ ಕೆಲಸಗಾರ ಇರುವವರೆಗೆ ಕಾರ್ಖಾನೆ ಇಲ್ಲೇ ಇದೆ ಎಂದು ತಿಳಿಯತಕ್ಕದ್ದು. ತಮ್ಮ ಇಲಾಖೆಯಲ್ಲಿ ಇಂಥದ್ದೊಂದನ್ನು ಬರೆದವರು ಯಾರೋ ತಿಳಿಯದು; ಬಹುಶಃ ನಿವೃತ್ತಿಗೆ ಎರಡು ದಿನವಿದ್ದ ಗುಮಾಸ್ತರಿರಬೇಕು. ಅದರಂತೆ ಕಂಪನಿಯವರು ಲಾರಿ ಬಾಡಿಗೆಗೂ ಯೋಗ್ಯವಲ್ಲದ ಒಂದು ಹಳೆಯ ತೂತು ಕೊರೆಯುವ ಯಂತ್ರವನ್ನು ಬಿಟ್ಟುಹೋದರು. ಅದೇ ಲೆಕ್ಕದಲ್ಲಿ ಕೆಲಸಗಾರರಲ್ಲೂ ಹುಡುಕಿ ಅಮ್ಮನನ್ನು ಬಿಟ್ಟುಹೋದರು. ಅವಳ ಹೆಸರು ಇನ್ನೂ ತರಬೇತಿಯವರ ಪಟ್ಟಿಯಲ್ಲಿದ್ದುದರಿಂದ, ಕಂಪನಿಯ ಐದು ವರ್ಷ ತುಂಬುವ ದಿನವೇ ಅವಳಿಗೂ ತುಂಬುತ್ತದೆ ಎಂಬುದು ಅವರ ಕಣ್ಣಿಗೆ ಬೀಳಲಿಲ್ಲ. ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವರು ಮಾಡಿದ ಮೊದಲ ತಪ್ಪು ಇದು. ದಯವಿಟ್ಟು ಅವರಿಗೆ ಹೇಳಬೇಡಿ.

ಆ ಶೆಡ್ಡನ್ನು ತಾವೊಮ್ಮೆ ನೋಡಬೇಕು. ಯಂತ್ರಗಳಿದ್ದ ಜಾಗದಲ್ಲೆಲ್ಲ ನೆಲದ ಮೇಲೆ ಎಣ್ಣೆಯ ಚೌಕಗಳು ಉಳಿದಿವೆ. ನಡುವೆ ಒಂದು ಬಲ್ಬು, ಒಂದು ಸ್ಟೂಲು, ಒಂದು ಯಂತ್ರ, ಅಮ್ಮ. ದಿನಕ್ಕೆ ಮೂರು ಸಲ ಮ್ಯಾನೇಜರು ಆಚೆ ದಡದಿಂದ ಫೋನು ಮಾಡಿ, "ಎಲ್ಲಿ, ಸೌಂಡ್ ಕೇಳಿಸಿ" ಅನ್ನುತ್ತಾರೆ. ಅಮ್ಮ ಫೋನನ್ನು ಯಂತ್ರದ ಬಾಯಿಗೆ ಹಿಡಿಯುತ್ತಾಳೆ. ಕೊರೆದ ಗುಂಡಿಗಳನ್ನು ಒಯ್ಯಲು ಯಾರೂ ಬಂದಿಲ್ಲ, ಬರುವುದೂ ಇಲ್ಲ ಎಂದು ಅವಳಿಗೆ ಗೊತ್ತು. ಆದರೂ ಸಂಜೆ ತಾನು ಮಾಡಿದ್ದನ್ನು ತಾನೇ ಗಾಜಿನ ಮೇಲೆ ಸುರಿದು, ತಾನೇ ಆಲಿಸಿ, ಕೆಟ್ಟವನ್ನು ಆರಿಸಿ ಎಸೆಯುತ್ತಾಳೆ. ಯಾರಿಗೋಸ್ಕರ ಅಮ್ಮಾ ಎಂದು ಕೇಳಿದೆ. "ಹಾಗಂತ ಒಡಕು ಗುಂಡೀನ ಒಳ್ಳೇದರ ಜೊತೆ ಇಡೋಕಾಗತ್ತೇನೇ" ಅಂದಳು.

ಇಷ್ಟರಲ್ಲಿ ನಿನ್ನೆ ಒಂದು ಸಂಗತಿ ನಡೆಯಿತು. ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ. ಸಾಹಿತ್ಯ ಓದಿದವರಿಗೆ ಬೇರೆಯವರ ತಪ್ಪು ಹುಡುಕುವ ಕೆಲಸ ಬೇಗ ಸಿಗುತ್ತದೆ. ತಮ್ಮ ಇಲಾಖೆಯ ಒಂದು ಆಮಂತ್ರಣ ಪತ್ರಿಕೆಯ ಕರಡು ನನ್ನ ಮೇಜಿಗೆ ಬಂತು: ಮೂರನೆಯ ತಾರೀಕು ಶುಕ್ರವಾರ ಕಂಪನಿಗೆ ಬೀಳ್ಕೊಡುಗೆ ಸಮಾರಂಭ, ಆ ಶುಭ ಸಂದರ್ಭದಲ್ಲಿ ಸನ್ಮಾನ್ಯ ಸಚಿವರು ಹದಿನಾರನೆಯ ಷರತ್ತನ್ನು ಮನ್ನಾ ಮಾಡಿದ ಪತ್ರವನ್ನು ಸೌಹಾರ್ದದ ಕುರುಹಾಗಿ ಕಂಪನಿಗೆ ಹಸ್ತಾಂತರಿಸುವರು. ಅದರ ಹಿಂದಿರುವ ದೂರದೃಷ್ಟಿ ನನಗೆ ಅರ್ಥವಾಗುತ್ತದೆ. ಮುನಿಸಿಲ್ಲದೆ ಕಳಿಸಿದರೆ ಏಳು ವರ್ಷದ ಮೇಲೆ ಮತ್ತೆ ಬಂದಾರು. ಆದರೆ ಆ ಪತ್ರ ಶುಕ್ರವಾರ ಕಂಪನಿಯ ಕೈಗೆ ಬಿದ್ದರೆ ಶನಿವಾರ ಬೆಳಿಗ್ಗೆ ಶೆಡ್ಡಿಗೆ ಬೀಗ ಬೀಳುತ್ತದೆ. ಅಮ್ಮನಿಗೆ ಹನ್ನೊಂದು ದಿನ ಕಡಿಮೆ ಬೀಳುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಯೆಂದರೆ, ಇಂದಿನಿಂದ ಹದಿನಾಲ್ಕು ದಿನ ತಾವು ದಯವಿಟ್ಟು ಯಾರಿಗೂ ಔದಾರ್ಯ ತೋರದಿರಿ. ಕೊಡುವುದೇ ಕೆಲಸವಾಗಿರುವ ಕೈಗೆ ಇದು ಎಷ್ಟು ಕಷ್ಟವೆಂದು ನಾನು ಬಲ್ಲೆ. ಕೈ ತುರಿಸಿದರೆ ಚಹಾದಂಗಡಿಯ ಮಾಮನಿಗೆ ಏನಾದರೂ ಮನ್ನಾ ಮಾಡಿ ಸಮಾಧಾನಪಟ್ಟುಕೊಳ್ಳಬಹುದು. ಇದಾಗದಿದ್ದರೆ ನಮ್ಮ ಒಂದೂವರೆ ಕೋಣೆಯ ಬಾಡಿಗೆ ಮನೆಯನ್ನು ವಿಶೇಷ ವಲಯವೆಂದು ಘೋಷಿಸಿ, ಅಮ್ಮನನ್ನು ಹೊಸ ಹೂಡಿಕೆದಾರಳೆಂದು ತಿಳಿದು, ಸೇತುವೆಯ ಬಾಯಿಗೆ ಹೂಗುಚ್ಛ ಹಿಡಿದು ಬನ್ನಿ. ಇಪ್ಪತ್ತನಾಲ್ಕು ವರ್ಷ ಹೂಡಿದ್ದಾಳೆ, ಅಷ್ಟು ಹೂಡಿದವರು ತಮ್ಮ ಪಟ್ಟಿಯಲ್ಲಿ ಬೇರೆ ಯಾರೂ ಇರಲಾರರು. ಅದೂ ಆಗದಿದ್ದರೆ ಎರಡೂ ರಾಜ್ಯಗಳವರು ಕೂತು ಮಾತಾಡಿ ಕಾರ್ಖಾನೆಯನ್ನು ಸೇತುವೆಯ ನಟ್ಟನಡುವೆ ಕಟ್ಟಿಸಿಕೊಡಬೇಕು. ಆಗ ಬೋರ್ಡು ತಿರುಗಿಸಿದರೆ ಸಾಕು, ಲಾರಿ ಖರ್ಚು ಉಳಿಯುತ್ತದೆ, ಉಳಿದದ್ದರಲ್ಲಿ ಎರಡೂ ದಡದ ಶಾಲೆಗಳ ಸೋರುವ ಸೂರಿಗೆ ಹೆಂಚು ಬಂದೀತು. ಕೂತು ಮಾತಾಡಿಬಿಟ್ಟರೆ ಪೈಪೋಟಿಯೇ ಬೇಕಾಗುವುದಿಲ್ಲವಲ್ಲ ಎಂಬ ಭಯ ತಮಗಿದ್ದರೆ ಈ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಅಮ್ಮನಿಗೆ ಈ ಪತ್ರದ ವಿಷಯ ತಿಳಿಯದು. ತಿಳಿದರೆ, "ದೊಡ್ಡೋರ ತಂಟೆ ನಮಗ್ಯಾಕೆ" ಅನ್ನುತ್ತಾಳೆ. ದೊಡ್ಡವರು ನಮ್ಮ ತಂಟೆಗೆ ಬಂದು ಇಪ್ಪತ್ತನಾಲ್ಕು ವರ್ಷವಾಯಿತು ಎಂದು ಅವಳಿಗೆ ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ತಮಗೆ ಬರೆಯುತ್ತಿದ್ದೇನೆ.

ಯಾವ ದಡದಲ್ಲಿದ್ದರೂ ತೆರಿಗೆ ಕಟ್ಟುವ,
ತಮ್ಮ ವಿಶ್ವಾಸಿ,
ಗುಂಡಿ ಪರೀಕ್ಷಕಿಯ ಮಗಳು

ತಾಜಾ ಕಲಂ: ಈ ಪತ್ರವನ್ನು ವಾರಪತ್ರಿಕೆಯ ಸಂಪಾದಕರಿಗೆ ಕೊಟ್ಟಾಗ, ಜಾಗ ಸಿಗಲು ಎರಡು ವಾರ ಬೇಕಮ್ಮಾ ಎಂದರು. ಅವರ ಪತ್ರಿಕೆಯೂ ನಮ್ಮ ಮುದ್ರಣಾಲಯದಲ್ಲೇ ಅಚ್ಚಾಗುವುದರಿಂದ ಇಂದು, ಹದಿನೈದನೆಯ ತಾರೀಕು ಬುಧವಾರ, ಇದರ ಕರಡು ನನ್ನ ಮೇಜಿಗೇ ಬಂದಿದೆ. ಇಷ್ಟನ್ನು ಸೇರಿಸುವ ಸಲಿಗೆ ತೆಗೆದುಕೊಳ್ಳುತ್ತೇನೆ. ಅಂದು ಸಂಪಾದಕರ ಕೋಣೆಯಿಂದ ವಾಪಸು ಬಂದು ತಮ್ಮ ಆಮಂತ್ರಣದ ಕರಡನ್ನು ಮುಗಿಸಿ ಕೊಟ್ಟೆ. ಗಣ್ಯರ ಬಿರುದುಗಳೆಲ್ಲ ಸರಿಯಾಗಿದ್ದವು, ಶುಕ್ರವಾರವೂ ಸರಿಯಾಗಿತ್ತು. ಮೂರನೆಯ ತಾರೀಕು ಮಾತ್ರ ಹದಿನೇಳಾಗಿ ಅಚ್ಚಾಯಿತು. ಎರಡು ವರ್ಷಗಳಲ್ಲಿ ನನ್ನ ಮೊದಲ ಕಣ್ತಪ್ಪು. ತಮ್ಮ ಕಚೇರಿಗೆ ಅದು ತಿಳಿಯುವಷ್ಟರಲ್ಲಿ ಎರಡು ಸಾವಿರ ಪ್ರತಿಗಳು ಅಂಚೆಗೆ ಬಿದ್ದಾಗಿತ್ತು. ಎರಡು ಸಾವಿರ ಗಣ್ಯರ ಕ್ಷಮೆ ಕೇಳುವುದಕ್ಕಿಂತ ಸಮಾರಂಭವನ್ನೇ ಮುಂದಕ್ಕೆ ಹಾಕುವುದು ಲೇಸೆಂದು ತಾವು ತೀರ್ಮಾನಿಸಿದಿರಿ, ಸಮಾರಂಭವಿಲ್ಲದೆ ಏನನ್ನೂ ಕೊಡದಿರುವುದು ತಮ್ಮ ಇಲಾಖೆಯ ಪದ್ಧತಿ. ಎರಡಕ್ಕೂ ನಾನು ಋಣಿ. ಕೆಲಸ ಹೋದರೆ ಹೋಗಲಿ ಎಂದು ಮುದ್ರಣಾಲಯದ ಮಾಲೀಕರ ಮುಂದೆ ನಿಂತು ತಪ್ಪು ಒಪ್ಪಿಕೊಂಡಿದ್ದೇನೆ. ಅವರು ಇನ್ನೂ ಯೋಚಿಸುತ್ತಿದ್ದಾರೆ. ನಿನ್ನೆ ಸಂಜೆ ಐದಕ್ಕೆ ಅಮ್ಮ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದಳು. ಇಂದು ಬೆಳಿಗ್ಗೆ ಕಾರ್ಮಿಕ ಕಚೇರಿಯ ಗುಮಾಸ್ತರು ಬೆರಳು ಮಡಿಸಿ ಐದು ವರ್ಷವನ್ನು ಎರಡು ಸಲ ಎಣಿಸಿ, ಖಾಯಂ ಪತ್ರಕ್ಕೆ ಮುದ್ರೆ ಒತ್ತಿಕೊಟ್ಟರು. ನಾಡಿದ್ದಿನ ಸಮಾರಂಭದಲ್ಲಿ ಮನ್ನಾ ಮಾಡಲು ಈಗ ಏನೂ ಉಳಿದಿಲ್ಲವಾದರೂ ತಾವು ಅದನ್ನು ನಡೆಸಿಯೇ ತೀರುವಿರೆಂದೂ, ಈ ದಡದಲ್ಲಿ ಕಂಪನಿಯ ಖಾಯಂ ಸಿಬ್ಬಂದಿ ಒಬ್ಬಳೇ ಆದ್ದರಿಂದ ಪತ್ರ ಸ್ವೀಕರಿಸಲು ಅವಳೇ ಬರಬೇಕೆಂದೂ ತಮ್ಮ ಕಚೇರಿಯವರು ಹೇಳಿಕಳಿಸಿದ್ದಾರೆ. ಕ್ಷಮಿಸಬೇಕು, ಅಮ್ಮ ಬರುವುದಿಲ್ಲವಂತೆ. ಖಾಯಂ ಆದವರು ರಜೆ ಮಂಜೂರಾಗದೆ ಕೆಲಸ ಬಿಟ್ಟು ಏಳಬಾರದು. ಮಂಜೂರು ಮಾಡಬೇಕಾದವರೆಲ್ಲ ಆಚೆ ದಡದಲ್ಲಿದ್ದಾರೆ.