ಡೀಸೆಲ್ಲೋ ಪೆಟ್ರೋಲೋ, ಮೊಸರಂತೂ ಮುಟ್ಟಬೇಕು

ಹುನ್ನೂರಿನ ಹೊಳೆಪ್ಪ ಅವತ್ತು ಮಾಡಿದ ತಪ್ಪು ಒಂದೇ. ಬೆಳಿಗ್ಗೆ ಎದ್ದವನೇ ಓಣಿಯ ಕಟ್ಟೆಗೆ ಹೋಗಿ ಕೂತು, "ಇವತ್ತೊಂದು ಪಿಕಪ್ ತಗೋಬೇಕಂತೀನಿ. ಡೀಸೆಲ್ ಛಲೋನೋ, ಪೆಟ್ರೋಲ್ ಛಲೋನೋ?" ಎಂದು ನಾಲ್ಕು ಮಂದಿಯ ಮುಂದೆ ಬಾಯಿ ಬಿಟ್ಟ.

ತಗೊಳ್ಳದೆ ಗತಿಯಿರಲಿಲ್ಲ. ಅವನ ಹೆಂಡತಿ ಮಾಲಾ ಹೆಪ್ಪು ಹಾಕಿದ ಎಮ್ಮೆಯ ಮೊಸರು ದಿನಾ ಜಮಖಂಡಿಯ ಮುರಗೆಪ್ಪನ ಖಾನಾವಳಿಗೆ ಹೋಗುತ್ತಿತ್ತು. ಚಾಕು ಹಾಕಿ ಕೊಯ್ಯಬೇಕು, ಅಂಥ ಗಟ್ಟಿ ಮೊಸರು. ಆದರೆ ಈಚೆಗೆ ಅದು ಮೊದಲನೇ ಪಂಕ್ತಿಯವರು ಎದ್ದು ಕೈ ತೊಳೆದ ಮೇಲೆಯೇ ಬಂದು ಮುಟ್ಟುತ್ತಿತ್ತು. "ನಾಳೆನೂ ತಡಾ ಆದ್ರ ಮುಧೋಳದವ್ರ ಮೊಸರ ತರಸ್ತೀನಿ ನೋಡಪಾ," ಎಂದು ಮುರಗೆಪ್ಪ ನಿನ್ನೆ ಖಡಾಖಡಿ ಹೇಳಿದ್ದ. ಅದೇ ಸಂಜೆ ಹೊಳೆಪ್ಪನ ಹಳೆಯ ಡೀಸೆಲ್ ಪಿಕಪ್ಪು ಊರ ಅಗಸಿ ಬಾಗಿಲಲ್ಲಿ ಕೊನೆಯುಸಿರೆಳೆಯಿತು.

ಮೊಸರು ತಡವಾಗುತ್ತಿದ್ದುದಕ್ಕೆ ಕಾರಣ ರಸ್ತೆಯಲ್ಲ, ಓಣಿ. ಹೊಳೆಪ್ಪ ಗಾಡಿ ಹೊರಡಿಸುವುದಕ್ಕೂ ಓಣಿಯವರಿಗೆಲ್ಲ ಜಮಖಂಡಿಯಲ್ಲಿ ಕೆಲಸ ಹುಟ್ಟುವುದಕ್ಕೂ ಸರಿಹೋಗುತ್ತಿತ್ತು. ಒಬ್ಬರನ್ನು ಕೋರ್ಟಿನ ಮುಂದೆ ಇಳಿಸಬೇಕು, ಒಬ್ಬರನ್ನು ಬಸ್‌ಸ್ಟ್ಯಾಂಡಿನ ಮುಂದೆ, ಇನ್ನೊಬ್ಬರನ್ನು "ಇಲ್ಲೇ, ಆ ಬೇವಿನ ಗಿಡದ ಕೆಳಗ". ಒಲ್ಲೆ ಎನ್ನಲು ಹೊಳೆಪ್ಪನಿಗೆ ಬಾಯಿ ಬಾರದು. ಆದರೆ ಇಷ್ಟು ಜನಕ್ಕೆ ದಿನಾ ಒಂದೇ ಗಳಿಗೆಗೆ ಹೇಗೆ ಕೆಲಸ ಬರುತ್ತದೆ ಎಂಬುದು ಮಾತ್ರ ಅವನಿಗೆ ದೊಡ್ಡ ಸೋಜಿಗವಾಗಿತ್ತು.

ಕಟ್ಟೆಯ ಮೇಲೆ ಮೊದಲು ಬಾಯಿ ಹಾಕಿದವನು ದಶರಥ. ಜಮಖಂಡಿಯ ಕಚೇರಿಯೊಂದರಲ್ಲಿ ಗುಮಾಸ್ತ. ಕಚೇರಿಯ ವೇಳೆಗಿಂತ ಹೊಳೆಪ್ಪನ ಗಾಡಿಯ ವೇಳೆಯನ್ನೇ ನಿಷ್ಠೆಯಿಂದ ಪಾಲಿಸುವವನು.

"ಡೀಸೆಲ್ಲ ತಗೋ. ಜಗ್ಗೂದ್ರಾಗ ಅದರ ಮುಂದ ಯಾವುದೂ ಇಲ್ಲ. ಪೆಟ್ರೋಲ್ ಗಾಡಿ ದಿಬ್ಬದಾಗ ತೇಕತೈತಿ."

"ಡೀಸೆಲ್ ಹೊಗಿಗಿ ಸೊಳ್ಳಿ ಹತ್ರ ಸುಳ್ಯಾಂಗಿಲ್ಲೋ ಎಪ್ಪಾ," ಎಂದಳು ಎದುರು ಮನೆಯ ಮುದುಕಿ ಲಗಮವ್ವ.

ಅವಳ ಪಕ್ಕದ ಮನೆಯ ಸುಂದರವ್ವ ಮೂಗು ಮುಚ್ಚಿಕೊಂಡಳು. "ಪೆಟ್ರೋಲ್ ವಾಸನಿಗಿ ನನಗ ವಾಂತಿ ಬರತಾವು."

"ನಿನಗ್ಯಾಕ ಬರತಾವು ಯಕ್ಕಾ? ಗಾಡಿ ತಗೊಳ್ಳಾಂವ ನಾನು."

ಸುಂದರವ್ವ ಸೆರಗು ಸರಿಮಾಡಿಕೊಂಡಳು. ಅದು ಡೀಸೆಲ್ಲು ಪೆಟ್ರೋಲಿಗಿಂತ ಎಷ್ಟೋ ಅಗ್ಗವಿದ್ದ ಕಾಲ. ಆ ಮಾತನ್ನು ಎತ್ತಿದ್ದರೆ ಹೊಳೆಪ್ಪನೂ ಒಪ್ಪುತ್ತಿದ್ದ. ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೇಳುತ್ತಿದ್ದಾರಲ್ಲ! ಜನ್ಮದಲ್ಲಿ ಸ್ಟೇರಿಂಗ್ ಮುಟ್ಟದ ಲಗಮವ್ವನಿಗೆ ಡೀಸೆಲ್ಲಿನ ಮೇಲೆ ಇಷ್ಟು ಮಮತೆ ಯಾಕೆ? ಹೊಳೆಪ್ಪ ಗಲ್ಲ ಕೆರೆದುಕೊಳ್ಳುತ್ತ ಮನೆಗೆ ಬಂದ. ಅವರೂ ತಮ್ಮ ತಮ್ಮ ಮನೆ ಹೊಕ್ಕರು.

ಸ್ವಲ್ಪ ಹೊತ್ತಿಗೆ ಮೆಕ್ಯಾನಿಕ್ ಶಿದ್ರಾಮಪ್ಪ ಮಾರಾಟಕ್ಕಿದ್ದ ಎರಡು ಹಳೆಯ ಪಿಕಪ್ಪುಗಳನ್ನು ಮನೆಯ ಮುಂದೆಯೇ ತಂದು ನಿಲ್ಲಿಸಿದ. ಡೀಸೆಲ್ಲಿನದನ್ನು ಅವನ ಆಳು ಬೇರೆ ಗಾಡಿಗೆ ಕಟ್ಟಿ ಎಳೆದು ತಂದಿದ್ದ. ಅದಕ್ಕೆ ಬ್ಯಾಟರಿ ಇನ್ನಷ್ಟೇ ಹಾಕಬೇಕಿತ್ತು.

"ನಿನಗ ಯಾವುದು ಮನಸ್ಸಿಗಿ ಬರತೈತೋ ಅದನ್ನ ಇಟ್ಕೋ ಹೊಳೆಪ್ಪಾ," ಎಂದು ಬ್ಯಾಟರಿ ಜೋಡಿಸಿ ಡೀಸೆಲ್ ಗಾಡಿಯ ಚಾವಿ ತಿರುವಿದ.

ಗಾಡಿ ಎರಡು ಸಲ ಕೆಮ್ಮಿ, ಡಗಡಗ ಡಗಡಗ ಎಂದು ಓಣಿಯ ತಗಡಿನ ಪತ್ರಾಸುಗಳನ್ನೆಲ್ಲ ಅದುರಿಸತೊಡಗಿತು. ಅದುರುವುದೇ ತಡ, ಬಾಗಿಲುಗಳು ಪಟಪಟ ತೆರೆದವು. ಸುಂದರವ್ವ ಅರ್ಧ ಹೆರಳು ಹಾಕಿಕೊಂಡೇ ಕೈಚೀಲದೊಂದಿಗೆ ಓಡಿಬಂದಳು. ದಶರಥನ ಕಾಲಲ್ಲಿ ಒಂದೇ ಚಪ್ಪಲಿ. ಲಗಮವ್ವ ಬಾಯಲ್ಲಿ ಎಲೆ ಅಡಿಕೆ ತುಂಬಿಕೊಂಡೇ, "ತಡಿಯೋ, ನಾನೂ ಬಂದ್ನಿ!" ಎಂದು ಕೂಗಿದಳು.

"ಎಲ್ಲಿಗಿ ಬೇ ಆಯಿ? ಬರೇ ಚಾಲೂ ಮಾಡಿ ನೋಡಾಕತ್ತೇವಿ," ಎಂದ ಹೊಳೆಪ್ಪ.

"ಅಷ್ಟೇನು? ಸಪ್ಪಳಾ ಕೇಳಿ ಜಮಖಂಡಿಗಿ ಹೊಂಟೀ ಅಂದ್ಕೊಂಡ್ನಿ. ನಿನ್ನ ಗಾಡಿ ಡಗಡಗ ಅಂದಮ್ಯಾಲ ಅಲ್ಲೇನು ನಾವು ಸೀರಿ ಬದಲಿ ಮಾಡೂದು!"

ಹೊಳೆಪ್ಪನ ತಲೆಯಲ್ಲಿ ಲಕ್ಕನೆ ದೀಪ ಹತ್ತಿತು. ಇಷ್ಟು ದಿನದ ಸೋಜಿಗ ಒಂದೇ ಮಾತಿನಲ್ಲಿ ಬಗೆಹರಿಯಿತು. ಇವರು ಡೀಸೆಲ್ ಡೀಸೆಲ್ ಎನ್ನುತ್ತಿದ್ದುದು ಜಗ್ಗುವುದಕ್ಕೂ ಅಲ್ಲ, ಸೊಳ್ಳೆಗೂ ಅಲ್ಲ.

"ಶಿದ್ರಾಮಪ್ಪಾ, ಆ ಪೆಟ್ರೋಲಿಂದು ಚಾಲೂ ಮಾಡು."

ಶಿದ್ರಾಮಪ್ಪ ಹತ್ತಿ ಕೂತ. ಎಲ್ಲರೂ ಕಿವಿ ನಿಮಿರಿಸಿ ನಿಂತರು.

"ಲಗೂನ ಚಾಲೂ ಮಾಡೋ," ಎಂದಳು ಲಗಮವ್ವ.

"ಚಾಲೂ ಆಗಿ ಎಷ್ಟೊತ್ತಾತು ಬೇ!" ಎಂದ ಶಿದ್ರಾಮಪ್ಪ.

ಓಣಿಯವರ ಮುಖ ಒಮ್ಮೆಲೇ ಬಾಡಿತು. ಹೊಳೆಪ್ಪನಿಗೆ ಮಾತ್ರ ಗಾಡಿಯ ಆ ಮೌನ ಕೇಳಿ ಕುಣಿಯುವಷ್ಟು ಖುಷಿಯಾಯಿತು. "ಬೀರಪ್ಪನಾಣಿ, ಇದನ್ನ ಇಟ್ಕೊಂಡ್ನಿ!" ಎಂದು ಅಲ್ಲೇ ಮುಂಗಡ ಕೊಟ್ಟುಬಿಟ್ಟ.

"ಪೆಟ್ರೋಲ್ ಕುಡಿದು ಕುಡಿದು ನಿನ್ನ ಮನಿ ಹಾಳ ಮಾಡತೈತಿ ಇದು," ಎಂದ ದಶರಥ.

"ಮಾಡ್ಲಿ ಬಿಡ್ರಿ."

ಲಗಮವ್ವ ಮೆಲ್ಲಗೆ ಕೇಳಿದಳು: "ಹಂಗಾರ ಇವತ್ತ ಎಷ್ಟೊತ್ತಿಗಿ ಹೊಂಡ್ತೀ?"

"ನೋಡೂಣಂತ," ಎಂದು ಹೊಳೆಪ್ಪ ಜಾಣತನದಿಂದ ಮಾತು ತೇಲಿಸಿದ.

ಗಂಡ ಹೆಂಡತಿ ಸೇರಿ ಮೊಸರಿನ ಗಡಿಗೆಗಳನ್ನು ಗಾಡಿಯಲ್ಲಿಟ್ಟರು. ಬಿಸಿಲು ಬೀಳದಂತೆ ಹಿಂದಿನ ಕಮಾನಿಗೆ ತಾಡಪತ್ರಿ ಹೊದಿಸಿದರು. "ಇವತ್ತ ವ್ಯಾಳ್ಯಾಕ್ಕ ಮುಟ್ಟಲಿಲ್ಲಂದ್ರ ನೀವೂ ಮನಿಗಿ ಬರಬ್ಯಾಡ್ರಿ," ಎಂದಳು ಮಾಲಾ. ನಗುತ್ತಲೇ ಹೇಳಿದರೂ ಅವಳ ಕಣ್ಣಲ್ಲಿ ನಗು ಇರಲಿಲ್ಲ. ಹೊಳೆಪ್ಪ ಗಾಡಿಯ ಹಣೆಗೆ ಅರಿಸಿನದ ಭಂಡಾರ ಹಚ್ಚಿ, ಕಾಯಿ ಒಡೆದು, ಒಳಗೆ ಹೋಗಿ ಸ್ನಾನ ಮಾಡಿ ಎರಡು ರೊಟ್ಟಿ ತಿಂದ. ಆಮೇಲೆ ಬೆಕ್ಕಿನ ಹೆಜ್ಜೆ ಇಡುತ್ತ ಹೊರಬಂದು ಚಾವಿ ತಿರುವಿದ.

ಒಂದು ಬಾಗಿಲೂ ತೆರೆಯಲಿಲ್ಲ. ಒಬ್ಬರೂ "ತಡಿಯೋ" ಎನ್ನಲಿಲ್ಲ. ಓಣಿ ದಾಟಿದ ಮೇಲೆ ಹೊಳೆಪ್ಪ ಒಬ್ಬನೇ ಜೋರಾಗಿ ನಕ್ಕ. ದಾರಿಯ ದಿಬ್ಬದಲ್ಲಿ ಗಾಡಿ ಸ್ವಲ್ಪ ತೇಕಿದಾಗ, 'ಜಗ್ಗೂದು ಕಡಿಮಿ ಅಂತ ದಶರಥ ಹೇಳಿದ್ದು ಖರೆ ಐತಿ' ಎಂದುಕೊಂಡ. ತೇಕಿದರೇನಾಯಿತು, ಎಲ್ಲಿಯೂ ನಿಲ್ಲದೆ ಜಮಖಂಡಿ ಮುಟ್ಟಿದ.

ಖಾನಾವಳಿಯಲ್ಲಿ ಆಗಷ್ಟೇ ಮೊದಲನೇ ಪಂಕ್ತಿಗೆ ತಾಟು ಇಡುತ್ತಿದ್ದರು. ಮುರಗೆಪ್ಪ ಬಾಗಿಲಿಗೇ ಓಡಿಬಂದ.

"ಭಲೆ ಹೊಳೆಪ್ಪಾ! ಇದಪಾ ವ್ಯಾಳ್ಯಾ ಅಂದ್ರ!"

ಹೊಳೆಪ್ಪ ಚಾವಿ ಗಾಡಿಯಲ್ಲೇ ಬಿಟ್ಟು, ಎದೆಯುಬ್ಬಿಸಿ ಕೆಳಗಿಳಿದು, ಹಿಂದೆ ಹೋಗಿ ತಾಡಪತ್ರಿ ಸರಿಸಿದ.

ಒಳಗಿನಿಂದ ಲಗಮವ್ವ ಕೈ ಚಾಚಿದಳು. "ಇಳಸೋ ಎಪ್ಪಾ, ಕಾಲ ಜೋಮ ಹಿಡದಾವು."

ಅವಳ ಹಿಂದೆ ಸುಂದರವ್ವ. ಅವಳ ಹಿಂದೆ ತುಟಿ ಒರೆಸಿಕೊಳ್ಳುತ್ತ ದಶರಥ. ನಡುವೆ ರೊಟ್ಟಿಯ ಗಂಟು ಬಿಚ್ಚಿ ಬಿದ್ದಿತ್ತು.

"ನೀವು... ಯಾವಾಗ ಹತ್ತಿದ್ರಿ?" ಹೊಳೆಪ್ಪ ತಾಡಪತ್ರಿ ಹಿಡಿದುಕೊಂಡೇ ಕೇಳಿದ.

"ನೀ ಝಳಕಕ್ಕ ಹೋದಾಗನ," ಎಂದಳು ಸುಂದರವ್ವ. "ಇದು ಸಪ್ಪಳಾನ ಮಾಡಂಗಿಲ್ಲ, ಯಾವಾಗ ಹೊಂಡತೈತೋ ಹ್ಯಾಂಗ ಗೊತ್ತಾಗಬೇಕು? ಅದಕ್ಕ ಮದ್ಲ ಬಂದು ಕುಂತ್ವಿ. ಕುಂತು ಕುಂತು ಹೊಟ್ಟಿ ಹಸೀತು. ನನ್ನ ಕಡೆ ರೊಟ್ಟಿ ಇದ್ದುವು."

"ಮಾಲಾನ ಕೈಗುಣ ಭಾಳ ಛಲೋ," ಎಂದ ದಶರಥ.

ಮುರಗೆಪ್ಪ ಗಡಿಗೆಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದ. ಒಂದು ಪೂರ್ತಿ ಖಾಲಿ. ಉಳಿದವುಗಳ ಕೆನೆ ಮಾಯವಾಗಿ, ನಡುನಡುವೆ ಬೆರಳಿನ ಗುರುತು. "ಗಾಡಿಯೇನೋ ವ್ಯಾಳ್ಯಾಕ್ಕ ಬಂತು. ಮೊಸರ ಯಾವಾಗ ಬರತೈತಿ?" ಎಂದ.

"ಮನ್ಯಾಗ ಇನ್ನೆರಡು ಗಡಿಗಿ ಅದಾವ್ರಿ!" ಹೊಳೆಪ್ಪ ಕೈ ಮುಗಿದ. "ಈಗ ಹೋಗಿ ಈಗ ಬರ್ತೀನಿ."

ಮುರಗೆಪ್ಪನಿಗೆ ಕನಿಕರ ಬಂತು. "ಎರಡನೇ ಪಂಕ್ತಿ ಕೂಡ್ರೂದ್ರೊಳಗ ತಂದ್ರ ಆತು. ಇಲ್ಲಂದ್ರ ಮುಧೋಳಕ್ಕ ಫೋನ್ ಹಚ್ಚತೀನಿ ನೋಡು."

ಹೊಳೆಪ್ಪ ಒಂದೇ ನೆಗೆತಕ್ಕೆ ಗಾಡಿ ಹತ್ತಿ ಚಾವಿಗೆ ಕೈ ಹಾಕಿದ. ಚಾವಿ ಇರಲಿಲ್ಲ. ಸೀಟಿನ ಕೆಳಗೆ ನೋಡಿದ, ಕಿಸೆ ತಡವಿದ, ರಸ್ತೆಯ ಮೇಲೆ ಬಗ್ಗಿ ಹುಡುಕಿದ.

"ಚಾವಿ ಹುಡಕಾಕತ್ತೀಯೇನು?" ದಶರಥ ಹಿಂದಿನಿಂದ ಸಮಾಧಾನವಾಗಿ ಕೇಳಿದ. "ನೀವು ಗಡಿಗಿ ನೋಡೂ ಮುಂದ ಲಗಮವ್ವಾಯಿ ಅದನ್ನ ಎಲಿ ಚೀಲದಾಗ ಇಟ್ಕೊಂಡು ಮಗಳ ಮನಿಗಿ ಹೋದ್ಳು. ವಾಪಸ್ ಹೋಗೂ ಮುಂದೂ ನಿನ್ನ ಗಾಡಿ ಸಪ್ಪಳಾ ಮಾಡಂಗಿಲ್ಲಲ್ಲಾ, ಅದಕ್ಕ. ಸಂಜಿಗಿ ಬರ್ತಾಳಂತ."

ಒಳಗೆ ಎರಡನೇ ಪಂಕ್ತಿಗೆ ತಾಟು ಇಡತೊಡಗಿದ್ದರು. ಮುರಗೆಪ್ಪ ಫೋನಿನ ಹತ್ತಿರ ಕೂತು, ಮುಧೋಳದವರಿಗೆ ತನ್ನ ಖಾನಾವಳಿಯ ದಾರಿ ಹೇಳುತ್ತಿದ್ದ.